ಒಂಬತ್ತನೇ ಮಾದರಿ

ನಮ್ಮ ಕಾರ್ಖಾನೆಯಲ್ಲಿ ಯಾರೂ ಹಗ್ಗ, ದಾರ, ರಬ್ಬರ್ ಬ್ಯಾಂಡ್ ಕೊಳ್ಳುವುದಿಲ್ಲ. ಪರೀಕ್ಷೆಯಲ್ಲಿ ಬಿದ್ದುಹೋದ ಕಾಂಡೋಮ್‌ಗಳು ಬುಟ್ಟಿಗಟ್ಟಲೆ ಇರುತ್ತವೆ. ಊಟದ ಡಬ್ಬಿಯ ಮುಚ್ಚಳಕ್ಕೆ ಅದೇ, ಛತ್ರಿಯ ಮುರಿದ ಕಡ್ಡಿಗೆ ಅದೇ, ಸೋರುವ ನಲ್ಲಿಗೂ ಅದೇ. ಪ್ಯಾಕಿಂಗ್‌ನವರು ಜಡೆಯ ತುದಿಗೆ ಕಟ್ಟಿಕೊಂಡು, ಗೇಟಿನ ಬಳಿ ಬಂದಾಗ ನೆನಪಾಗಿ ಬಿಚ್ಚಿ ಹಾಕುತ್ತಾರೆ. ಗೇಟು ದಾಟಿದರೆ ನಾವೆಲ್ಲ ಬೇರೆ ಯಾವುದೋ ಕಾರ್ಖಾನೆಯವರು. ನನ್ನ ಅತ್ತೆ ನೆರೆಯವರಿಗೆ ಹೇಳಿದ್ದು ಕೈಗವಸಿನ ಕಾರ್ಖಾನೆ ಎಂದು. ಇಬ್ಬರು ಗಂಡುಮಕ್ಕಳು, ಒಬ್ಬಳು ಸೊಸೆ, ಮೂವರೂ ಕೈಗವಸು ಮಾಡುತ್ತಿದ್ದರು.

ಮೂರನೇ ಪರೀಕ್ಷಾ ಯಂತ್ರದ ಬಾಗಿಲಿನ ಸ್ವಿಚ್ಚಿಗೂ ಅಂಥದೇ ಒಂದನ್ನು ಬಿಗಿದು ಕಟ್ಟಿದ್ದರು. ಹಸಿರು ಬಣ್ಣದ್ದು. ಅದರಿಂದ ನನ್ನ ಗಂಡ ಸತ್ತ.

ಆ ಯಂತ್ರದ ಕೆಲಸ ಇಷ್ಟು. ಉಕ್ಕಿನ ಅಚ್ಚುಗಳ ಸಾಲು ಮೆಲ್ಲಗೆ ತಿರುಗುತ್ತಿರುತ್ತದೆ. ಎದುರು ಕೂತ ಹೆಂಗಸರು ಒಂದೊಂದು ಅಚ್ಚಿಗೂ ಒಂದೊಂದನ್ನು ಏರಿಸುತ್ತಾರೆ. ಅಚ್ಚು ಒಳಗೆ ಹೋಗುತ್ತದೆ. ಅಲ್ಲಿ ವಿದ್ಯುತ್ ಅದರ ಮೈಯನ್ನೆಲ್ಲ ಸವರುತ್ತದೆ. ರಬ್ಬರಿನಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ವಿದ್ಯುತ್ ನುಗ್ಗಿ ಉಕ್ಕನ್ನು ಮುಟ್ಟುತ್ತದೆ, ಆ ತುಂಡು ಬುಟ್ಟಿಗೆ ಬೀಳುತ್ತದೆ. ಒಳಭಾಗಕ್ಕೆ ಒಂದು ಬಾಗಿಲು. ಬಾಗಿಲು ತೆರೆದ ಕೂಡಲೇ ಅಂಚಿನ ಸ್ವಿಚ್ ಮೇಲೆದ್ದು ವಿದ್ಯುತ್ ನಿಲ್ಲಬೇಕು. ಸ್ವಿಚ್ಚನ್ನು ಒತ್ತಿ ಕಟ್ಟಿಬಿಟ್ಟರೆ, ಬಾಗಿಲು ತೆರೆದದ್ದು ಯಂತ್ರಕ್ಕೆ ತಿಳಿಯುವುದಿಲ್ಲ.

ನನ್ನ ಗಂಡ ಅಂಥ ನಾಲ್ಕು ಯಂತ್ರಗಳ ಮೆಕ್ಯಾನಿಕ್. ನಾನು ಪ್ರಯೋಗಾಲಯದಲ್ಲಿ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕಾಂಡೋಮಿಗೆ ನೀರು ತುಂಬಿ ನೇತುಹಾಕಿ ಸೋರುತ್ತದೆಯೇ ಎಂದು ನೋಡುವ ಕೆಲಸಕ್ಕೆ ಸೇರಿದಾಗ ಗೆಳತಿಯರು ಬಹಳ ನಕ್ಕಿದ್ದರು. ಅವನು ನಗಲಿಲ್ಲ. "ನಾನು ಒಳ್ಳೇದು ಅಂತ ಕಳಿಸಿದ್ದನ್ನ ಇವಳು ಕೆಟ್ಟದ್ದು ಅಂತ ವಾಪಸ್ ಕಳಿಸಿದ್ಲು, ಹಾಗೆ ಪರಿಚಯ ಆಯ್ತು" ಎಂದು ಎಲ್ಲರಿಗೂ ಹೇಳುತ್ತಿದ್ದ. ಮೂರು ವರ್ಷ ಸಂಸಾರ ಮಾಡಿದೆವು. ಲೋಕಕ್ಕೆಲ್ಲ ಕಳಿಸುವ ಆ ಮಾಲಿಗೆ ನಮ್ಮ ಮನೆಯಲ್ಲಿ ಮಾತ್ರ ಕೆಲಸವಿರಲಿಲ್ಲ. ನಮಗೆ ಮಗು ಬೇಕಿತ್ತು.

ಸ್ವಿಚ್ ಕಟ್ಟುವುದನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಕಂಡಲ್ಲಿ ಕತ್ತರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಬಟ್ಟೆ ಒಗೆಯುವ ಮುಂಚೆ ಜೇಬು ತಡಕಿದರೆ ಬಣ್ಣಬಣ್ಣದ ತುಂಡುಗಳು. ಒಮ್ಮೆ ಅತ್ತೆಯ ಕೈಗೇ ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದರು.

"ಇದೇನೋ, ಬಲೂನು ಒಡ್ಕೊಂಡು ಬಂದಿದೀಯ?"

"ಕೈಗವಸಿಂದಮ್ಮ. ಕಿರುಬೆರಳು."

"ಒಳ್ಳೆ ಕಿರುಬೆರಳು" ಎಂದು ಅತ್ತೆ ಅದನ್ನು ಕಸದ ಬುಟ್ಟಿಗೆ ಹಾಕಿ ಕೈ ತೊಳೆದುಕೊಂಡರು.

ಅತ್ತೆಯ ಬಲಗಣ್ಣಿನ ಪೊರೆ ತೆಗೆಸಬೇಕಾದಾಗ ಅವನು ಎಂಟು ದಿನ ರಜೆ ಹಾಕಿದ. ಅವನ ಅಣ್ಣನಿಗೆ ರಜೆ ಸಿಗುವಂತಿರಲಿಲ್ಲ. ಅವರು ಪರೀಕ್ಷಾ ವಿಭಾಗದ ಮೇಲ್ವಿಚಾರಕರು. ಮನೆಯಲ್ಲಿ ನನಗೆ ಭಾವ, ಕಾರ್ಖಾನೆಯಲ್ಲಿ ಸರ್. ರಜೆಗೆ ಹೋಗುವ ಹಿಂದಿನ ದಿನ ಅವನು ಮೂರನೇ ಯಂತ್ರದ ಬಾಗಿಲಿಗೆ ಹೊಸ ಸ್ವಿಚ್ ಹಾಕಿದ. ಊಟ ಮಾಡುತ್ತಾ ನನಗೆ ಹೇಳಿದ, "ತುಂಬ ಸೂಕ್ಷ್ಮ ಅದು. ಬಾಗಿಲು ಒಂದು ಕೂದಲೆಳೆ ಸರಿದ್ರೂ ನಿಲ್ಲುತ್ತೆ. ಎಲ್ಲರೂ ನನ್ನ ಬೈಕೊಳ್ತಾರೆ ನೋಡು."

ಒಂಬತ್ತನೆಯ ದಿನ ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಬಂದ. ಆರೂ ಇಪ್ಪತ್ತಕ್ಕೆ ಮೂರನೇ ಯಂತ್ರದೊಳಗೆ ಒಂದು ತುಂಡು ಸಿಕ್ಕಿಹಾಕಿಕೊಂಡಿತು. ತಾನೇ ಹಾಕಿದ ಸ್ವಿಚ್ಚನ್ನು ನಂಬಿ ಬಾಗಿಲು ತೆರೆದು ಕೈ ಹಾಕಿದ.

ನಾನು ಹೋಗುವಷ್ಟರಲ್ಲಿ ಅವನನ್ನು ಗಾಡಿಗೆ ಏರಿಸಿದ್ದರು. ಭಾವ ಗಾಡಿಯ ಬಾಗಿಲಲ್ಲಿ ನಿಂತು, "ನೀನು ಬರ್ಬೇಡಮ್ಮ, ನಾನಿದೀನಿ" ಎಂದರು. ಗಾಡಿ ಹೋಯಿತು. ನಾನು ವಾಪಸ್ ಒಳಗೆ ಹೋದೆ. ಬೇರೆ ಎಲ್ಲಿಗೆ ಹೋಗಬೇಕೆಂದು ಹೊಳೆಯಲಿಲ್ಲ. ಮೂರನೇ ಯಂತ್ರ ನಿಂತಿತ್ತು. ಅದರ ಮೊದಲ ಕುರ್ಚಿಯಲ್ಲಿ ಇಪ್ಪತ್ತು ವರ್ಷದಿಂದ ಕೂರುವ ಹೆಂಗಸು, ಎಲ್ಲರೂ ರೇಡಿಯೋ ಎಂದು ಕರೆಯುವವಳು, ಎದ್ದು ನಿಂತು ನನ್ನನ್ನೇ ನೋಡುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಸ್ವಿಚ್ಚಿನ ಮೇಲೆ ಹಸಿರು ಗಂಟು.

ನಾನು ಆಗ ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ದಿನಕ್ಕೆ ನಲವತ್ತು ಸಲ ಮಾಡುವ ಕೆಲಸ ಅದು. ಇಕ್ಕುಳದಲ್ಲಿ ಗಂಟು ಬಿಡಿಸಿದೆ, ಮಾದರಿಯ ಚೀಲಕ್ಕೆ ಹಾಕಿದೆ, ಬೆಳಕು ಗಾಳಿ ಹೋಗದಂತೆ ಮುದ್ರೆ ಒತ್ತಿದೆ, ಚೀಟಿ ಬರೆದೆ. ಎಲ್ಲಿಂದ ತೆಗೆದದ್ದು: ಮೂರನೇ ಯಂತ್ರ, ಬಾಗಿಲಿನ ಸ್ವಿಚ್. ತಾರೀಕು. ಸಮಯ, ಏಳು ಹತ್ತು. ತೆಗೆದವರ ಸಹಿ. ಚೀಟಿಯಲ್ಲಿ ಸಾಕ್ಷಿಯ ಸಹಿಗೂ ಒಂದು ಗೆರೆ ಇರುತ್ತದೆ. ಚೀಲವನ್ನು ರೇಡಿಯೋ ಕಡೆ ಚಾಚಿದೆ. ಅವಳು ನನ್ನ ಮುಖ ನೋಡಿದಳು, ಸಹಿ ಹಾಕಿದಳು. ನಾನು ಅದನ್ನು ಮಾದರಿ ಕೋಣೆಯ ಕಪಾಟಿನಲ್ಲಿಟ್ಟು ರಿಜಿಸ್ಟರಿನಲ್ಲಿ ನಂಬರು ಬರೆದೆ. ನಾವು ತಯಾರಿಸಿದ ಪ್ರತಿ ಬ್ಯಾಚಿನ ಮಾದರಿಯನ್ನೂ ಅಲ್ಲಿ ಐದು ವರ್ಷ ಇಡಬೇಕು. ಅಲ್ಲಿಟ್ಟದ್ದನ್ನು ಯಾರೂ ಮುಟ್ಟುವುದಿಲ್ಲ.



ವಿಚಾರಣೆಯ ವರದಿ ಮೂರನೇ ವಾರ ಮನೆಗೆ ಬಂತು. ಬರೆದವರು ಭಾವ. ಆ ವಿಭಾಗದ ಮೇಲ್ವಿಚಾರಕರು ಅವರೇ ಆದ್ದರಿಂದ ನಿಯಮದಂತೆ ಅವರೇ ಬರೆಯಬೇಕಿತ್ತು. ಅತ್ತು ಅತ್ತು ಅತ್ತೆಯ ಕಣ್ಣು ಕೆಟ್ಟು ವೈದ್ಯರು ಮತ್ತೆ ಪಟ್ಟಿ ಕಟ್ಟಿದ್ದರು. "ನೀನೇ ಓದಪ್ಪ" ಎಂದರು ಅತ್ತೆ. ಭಾವ ನನ್ನ ಗಂಡನ ಕುರ್ಚಿಯಲ್ಲಿ ಕೂತು ಓದಿದರು. ಅವರ ಧ್ವನಿ ಚೆನ್ನಾಗಿದೆ.

"ಮೃತರು ಅದೇ ದಿನ ಬೆಳಿಗ್ಗೆ ಕೆಲಸ ಆರಂಭಿಸಿದ ಮೇಲೆ, ತಮ್ಮ ಅನುಕೂಲಕ್ಕಾಗಿ ಸುರಕ್ಷತಾ ಸ್ವಿಚ್ಚನ್ನು ತಾವೇ ಕಟ್ಟಿದ್ದರು. ಅಪಘಾತಕ್ಕೆ ಅವರ ಸ್ವಂತ ಅಜಾಗರೂಕತೆಯೇ ಕಾರಣ."

ಅತ್ತೆ ಪಟ್ಟಿ ಕಟ್ಟಿದ ಕಣ್ಣನ್ನು ಮುಟ್ಟಿಕೊಂಡರು. ಆಮೇಲೆ, "ನನ್ನ ಕಣ್ಣಿನ ಗಲಾಟೇಲಿ ಅವನಿಗೆ ನಿದ್ದೆ ಇರ್ಲಿಲ್ಲ. ಅದಕ್ಕೇ ಹಾಗಾಯ್ತು. ನಾನೇ ಕೊಂದೆ" ಎಂದರು.

"ಹಾಗೆಲ್ಲ ಅನ್ಬೇಡಮ್ಮ" ಎಂದರು ಭಾವ. "ಅವನು ಚಿಕ್ಕಂದಿನಿಂದ್ಲೂ ಹಾಗೇ ತಾನೆ. ಅವಸರ. ಒಂದು ನಿಮಿಷ ತಡಿಯೋನಲ್ಲ."

ನಾನು ಅವರಿಗೆ ಚಹಾ ಕೊಟ್ಟೆ. ವರದಿಯಲ್ಲಿ ಬರೆದದ್ದು ಸುಳ್ಳೆಂದು ನನಗೆ ಗೊತ್ತಿತ್ತು. ಜೇಬುಗಳನ್ನು ತಡಕಿದ ಕೈ ಇದು. ಆದರೆ ನಿಜ ಯಾವುದೆಂದು ಆಗ ತಿಳಿದಿರಲಿಲ್ಲ.

ಅತ್ತೆ ಮಾತ್ರ ಆ ಸಾಲನ್ನು ನುಂಗಿಕೊಂಡರು. ತಿಂಗಳುಗಟ್ಟಲೆ, ಔಷಧಿ ಬಿಡಲು ತಲೆ ಹಿಂದಕ್ಕೆ ಮಾಡಿ ಮಲಗಿದಾಗಲೆಲ್ಲ, "ಒಂದು ಕಣ್ಣಿಗೋಸ್ಕರ" ಎನ್ನುತ್ತಿದ್ದರು. ನೆರೆಯವರು ಮಾತಾಡಿಸಲು ಬಂದರೆ, "ಅವನದೇ ತಪ್ಪಂತೆ" ಎನ್ನುತ್ತಿದ್ದರು. ನನಗೆ ಬೇಕಾದದ್ದು ಅಷ್ಟೇ: ಆ ಸಾಲಿನಿಂದ ಅವನ ಹೆಸರು ಅಳಿಸಬೇಕು, ಯಾರದು ಇರಬೇಕೋ ಅವರದು ಅಲ್ಲಿ ಬರಬೇಕು.

ಎರಡು ತಿಂಗಳಾದ ಮೇಲೆ ಚೀಲ ತೆರೆದು ಆ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಎಳೆತಕ್ಕೆ ಅಡ್ಡವಾಗಿ ಸಾಲುಸಾಲು ಬಿರುಕುಗಳು, ಒಣಗಿದ ಕೆರೆಯ ತಳದ ಹಾಗೆ. ರಬ್ಬರ್ ಕೆಲಸದವರಿಗೆ ಇದು ಹೊಸದಲ್ಲ. ಹೆಚ್ಚು ವೋಲ್ಟಿನ ಯಂತ್ರದ ಸುತ್ತ ಗಾಳಿಯಲ್ಲಿ ಓಝೋನ್ ಹುಟ್ಟುತ್ತದೆ, ಮೂಗಿಗೆ ಚುರುಕಾದ ಒಂದು ವಾಸನೆ. ಎಳೆದು ಕಟ್ಟಿದ ರಬ್ಬರನ್ನು ಅದು ದಿನದಿನಕ್ಕೂ ಸೀಳುತ್ತದೆ. ಇಪ್ಪತ್ತು ನಿಮಿಷದಲ್ಲಿ ಸೀಳುವುದಿಲ್ಲ.

ಎಷ್ಟು ದಿನ ಬೇಕು? ಊಹೆಯಿಂದ ನನಗೆ ಪ್ರಯೋಜನವಿರಲಿಲ್ಲ. ಅದೇ ಹಸಿರು ಬಣ್ಣದ ಏಳು ತುಂಡು ತಂದೆ. ಒಳಗಡೆ ಸ್ವಿಚ್ಚಿನ ಪಕ್ಕದ ಕಂಬಿಗೆ ಅಷ್ಟೇ ಬಿಗಿಯಾಗಿ ಕಟ್ಟಿ, ದಿನಕ್ಕೊಂದು ಬಿಡಿಸಬೇಕು. ಮಧ್ಯಾಹ್ನದ ಊಟಕ್ಕೆ ಯಂತ್ರ ನಿಲ್ಲಿಸಿದಾಗ ರೇಡಿಯೋ ನನಗೆ ಮರೆಯಾಗಿ ನಿಂತಳು.

"ಏನಮ್ಮ, ಒಳಗೆ ತೋರಣ ಕಟ್ತಿದೀಯ?"

"ಏಳು ದಿನ ಇರ್ಲಿ. ಯಾರಾದ್ರೂ ಕೇಳಿದ್ರೆ ಲ್ಯಾಬಿಂದು ಅನ್ನು."

"ಯಾರು ಕೇಳ್ತಾರೆ? ಇಪ್ಪತ್ತು ವರ್ಷದಿಂದ ಊರಿಗೆಲ್ಲ ಟೋಪಿ ಹಾಕ್ತಿದೀನಿ, ಒಬ್ಬರೂ ಕೇಳಿಲ್ಲ." ನಗಬೇಕೆಂದುಕೊಂಡವಳು ನಗಲಿಲ್ಲ. ಕೈಗೆ ಅಂಟಿದ್ದ ಮಾಲಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡಳು. "ಒಂದು ಮಾತು ಹೇಳ್ತೀನಿ, ನನ್ನ ಹೆಸರು ತರ್ಬೇಡ. ನಿನ್ನ ಯಜಮಾನ ರಜೇಲಿದ್ದಾಗ ನಿಮ್ಮ ಭಾವನೇ ಬಾಗಿಲು ತೆಗೀತಿದ್ರು. ಪ್ರತಿ ಸಲ ಗೋಡೆ ಹತ್ರ ಹೋಗಿ ಮೇನ್ ಆಫ್ ಮಾಡಿ ಬಂದು ತೆಗೀತಿದ್ರು. ಮೊದಲು ಯಾವತ್ತೂ ಹಾಗೆ ಮಾಡಿದೋರಲ್ಲ. ಏನಪ್ಪ ಇಷ್ಟು ಭಯ ಅಂದ್ಕೊಂಡೆ."

"ಯಾಕೆ ಇಷ್ಟು ದಿನ ಹೇಳ್ಲಿಲ್ಲ?"

"ಅವರು ಸಾಹೇಬ್ರು. ನಾನು ಮೊದಲನೇ ಕುರ್ಚಿ." ಕುರ್ಚಿಗೆ ವಾಪಸ್ ಹೋಗುತ್ತ, "ಸಹಿ ಹಾಕಿದೀನಲ್ಲಮ್ಮ" ಎಂದಳು.

ಇಡೀ ಕಾರ್ಖಾನೆಗೆ ಸುದ್ದಿ ಬಿತ್ತುವವಳು ಇದೊಂದನ್ನು ಯಾರಿಗೂ ಬಿಟ್ಟಿರಲಿಲ್ಲ.

ಏಳು ದಿನ ಮುಗಿಯಿತು. ಏಳು ತುಂಡುಗಳನ್ನು ಸಾಲಾಗಿಟ್ಟು, ಎಂಟನೆಯದಾಗಿ ಸ್ವಿಚ್ಚಿನಿಂದ ಬಿಡಿಸಿದ್ದನ್ನು ಇಟ್ಟೆ. ಬಿರುಕುಗಳನ್ನು ಎಣಿಸಿದೆ, ಆಳ ಅಳೆದೆ. ಅದು ಆರನೆಯ ದಿನದ್ದರ ಜೊತೆ ತಾಳೆಯಾಯಿತು. ಆರು ದಿನ ಹಿಂದಕ್ಕೆ ಹೋದರೆ ಅವನ ರಜೆಯ ಮೂರನೆಯ ದಿನ. ಪಾಳಿ ಪುಸ್ತಕದಲ್ಲಿ ಆ ದಿನದ ಪುಟ ತೆಗೆದೆ. "ಮೂರನೇ ಯಂತ್ರ: ಬಾಗಿಲಿನ ತೊಂದರೆಯಿಂದ ಪದೇ ಪದೇ ನಿಲ್ಲುತ್ತಿತ್ತು. ಸರಿಪಡಿಸಲಾಗಿದೆ." ಭಾವನ ಅಕ್ಷರ ಗುಂಡಗೆ, ಶಾಲೆಯ ಬೋರ್ಡಿನ ಮೇಲಿನ ಹಾಗೆ ಇರುತ್ತದೆ.

ಅಂದರೆ ಅವರು ಕಟ್ಟಿದರು. ಆರು ದಿನ ತಮ್ಮ ಜೀವಕ್ಕೆ ಮೇನ್ ಆಫ್ ಮಾಡಿಕೊಂಡರು. ನನ್ನ ಗಂಡ ಕೆಲಸಕ್ಕೆ ಬಂದ ದಿನ ಅವನಿಗೆ ಹೇಳಲು ಮರೆತರು. ಅದಾದ ಮೇಲೆ ಕೂತು, ಯೋಚಿಸಿ, ಗುಂಡಗಿನ ಅಕ್ಷರದಲ್ಲಿ ವರದಿ ಬರೆದರು.

ಮರೆತದ್ದನ್ನು ನಾನು ಕ್ಷಮಿಸುತ್ತಿದ್ದೆನೇನೋ. ಬರೆದದ್ದನ್ನು ಅಲ್ಲ.

ಆಗಲೇ ಮ್ಯಾನೇಜರ ಬಳಿ ಹೋಗಬಹುದಿತ್ತು. ಹೋಗಲಿಲ್ಲ. ನಾನು ಹೇಳಿದರೆ ಅದು ಗಂಡ ಸತ್ತವಳ ಮಾತು. ಸಂಕಟದಲ್ಲಿ ಏನೋ ಹೇಳುತ್ತಾಳೆ ಎಂದು ನೀರು ಕೊಟ್ಟು ಕೂರಿಸುತ್ತಿದ್ದರು. ಅವರೇ ಹೇಳಬೇಕು. ಅದೂ ಬರೆದು, ಸಹಿ ಹಾಕಿ.

ಭಾವ ಪ್ರತಿ ಭಾನುವಾರ ಬರುತ್ತಿದ್ದರು. ಬರಿಗೈಯಲ್ಲಿ ಬಂದವರಲ್ಲ. ಅತ್ತೆಗೆ ಹಣ್ಣು, ನನಗೆ ಕೆಟ್ಟ ಬಲ್ಬು ಬದಲಿಸಿ ಕೊಡುವುದು, ನಲ್ಲಿ ಸರಿಮಾಡುವುದು. ಅವನ ಕುರ್ಚಿಯಲ್ಲಿ ಕೂರುತ್ತಿದ್ದರು. ನಾನು ಚಹಾ ಕೊಟ್ಟು ಎದುರಿಗೆ ನಿಲ್ಲುತ್ತಿದ್ದೆ.

"ನೀನು ಇನ್ನೂ ಚಿಕ್ಕೋಳಮ್ಮ" ಎಂದರು ಒಂದು ಭಾನುವಾರ. "ಎಷ್ಟು ದಿನ ಹೀಗೆ ಸುಮ್ಮನೆ ಇರ್ತೀಯ? ಏನಾದ್ರೂ ಮನಸ್ಸಲ್ಲಿದ್ರೆ ಹೇಳು."

"ಹೇಳ್ತೀನಿ ಭಾವ. ಸಮಯ ಬರ್ಲಿ."

ಅವರಿಗೆ ಸಮಾಧಾನವಾಯಿತು. ನನಗೆ ಮರುಮದುವೆಯ ಆಸೆ ಇದೆಯೆಂದು ತಿಳಿದರೇನೋ. ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಕೇಳಿದರು. ಕೊಟ್ಟೆ.

ಸಮಯ ಹದಿನಾಲ್ಕನೇ ತಿಂಗಳಿಗೆ ಬಂತು. ಮ್ಯಾನೇಜರು ನಿವೃತ್ತರಾಗುವವರಿದ್ದರು, ಆ ಜಾಗಕ್ಕೆ ಭಾವನ ಹೆಸರು. ಆ ಕುರ್ಚಿಗೆ ಹೋಗುವವರು ಹೊರಗಿನ ತಪಾಸಣೆ ಅಧಿಕಾರಿಯ ಎದುರು ಒಂದು ಪರೀಕ್ಷೆ ಕೊಡಬೇಕು. ನಾವು ಅದನ್ನು ಕುರುಡು ಪರೀಕ್ಷೆ ಎನ್ನುತ್ತೇವೆ. ಹನ್ನೆರಡು ಗಾಜಿನ ತಟ್ಟೆ, ಒಂದೊಂದರಲ್ಲಿ ರಬ್ಬರಿನ ಒಂದೊಂದು ಪಟ್ಟಿ, ಮೇಲೆ ನಂಬರು ಮಾತ್ರ. ಏನಾಗಿದೆ, ಹೇಗಾಗಿದೆ, ಎಷ್ಟು ದಿನದಲ್ಲಿ ಆಗಿರಬೇಕು ಎಂದು ನೋಡಿ ಬರೆಯಬೇಕು. ಪಟ್ಟಿಗಳು ಎಲ್ಲಿಯವು ಎಂಬುದು ಪ್ರಯೋಗಾಲಯದವರು ಬರೆದು ಮುದ್ರೆ ಒತ್ತಿದ ಲಕೋಟೆಯಲ್ಲಿರುತ್ತದೆ. ಉತ್ತರಕ್ಕೆ ಸಹಿ ಬಿದ್ದ ಮೇಲೆ ಅಧಿಕಾರಿ ಅದನ್ನು ಒಡೆಯುತ್ತಾರೆ.

ಲಕೋಟೆ ತಯಾರಿಸುವ ಕೆಲಸ ಯಾರಿಗೂ ಬೇಡವಾಗಿತ್ತು. ನಾನು ಮಾಡುತ್ತೇನೆ ಎಂದೆ.

"ಸುಲಭದ್ದು ಇಡಮ್ಮ" ಎಂದರು ಭಾವ, ಮೆಟ್ಟಿಲ ಬಳಿ ಸಿಕ್ಕಾಗ. "ಮನೆಯವಳು ಅಂತ ಒಂದು ದಯೆ ಇರ್ಲಿ."

"ನಿಮಗೆ ಕಷ್ಟ ಯಾವುದು ಸರ್?"

ಅವರು ನಕ್ಕರು. "ಅದೂ ನಿಜ ಅನ್ನು. ರಬ್ಬರ್ ಬೆರಳಲ್ಲಿ ಹಿಡಿದ್ರೆ ಅದರ ಜಾತಕ ಹೇಳ್ತೀನಿ."

ಅದು ಜಂಭದ ಮಾತಾಗಿರಲಿಲ್ಲ. ಕಾರ್ಖಾನೆಯಲ್ಲಿ ಅವರಷ್ಟು ರಬ್ಬರ್ ಬಲ್ಲವರು ಇನ್ನೊಬ್ಬರಿಲ್ಲ. ನಾನು ನಂಬಿದ್ದೂ ಅದನ್ನೇ.

ಹನ್ನೆರಡರಲ್ಲಿ ನಾಲ್ಕು ಸಾಮಾನ್ಯ ದೋಷಗಳು: ಗುಳ್ಳೆ, ತೆಳು ಗೋಡೆ, ಎಣ್ಣೆ ತಗುಲಿ ಉಬ್ಬಿದ್ದು, ಬಿಸಿಲಿಗೆ ಅಂಟಾದದ್ದು. ಏಳು ನನ್ನ ಹಸಿರು ಪಟ್ಟಿಗಳು, ಒಂದರಿಂದ ಏಳು ದಿನದವು, ಅದಲುಬದಲಾಗಿ. ಇನ್ನೊಂದೂ ಹಸಿರೇ. ಅದಕ್ಕೆ ಒಂಬತ್ತನೇ ನಂಬರು ಕೊಟ್ಟೆ. ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿದೆ.

ಪರೀಕ್ಷೆ ಬೆಳಿಗ್ಗೆ ಹನ್ನೊಂದಕ್ಕೆ, ಪ್ರಯೋಗಾಲಯದ ಉದ್ದ ಮೇಜಿನ ಮೇಲೆ. ಕಿಟಕಿಯ ಪಕ್ಕದ ಕಂಬಿಯಲ್ಲಿ ಅಂದಿನ ಬ್ಯಾಚಿನ ಮಾದರಿಗಳು ನೀರು ತುಂಬಿಕೊಂಡು ತೂಗುತ್ತಿದ್ದವು. ಅಧಿಕಾರಿ ಐವತ್ತು ದಾಟಿದ ಹೆಂಗಸು, ಗಿಡ್ಡ ಕೂದಲು, ಕಡಿಮೆ ಮಾತು. ಮ್ಯಾನೇಜರು ಅವರ ಪಕ್ಕ ಕೂತು ಬಿಸ್ಕತ್ತಿನ ತಟ್ಟೆ ಸರಿಸುತ್ತಿದ್ದರು. ಭಾವ ಹೊಸ ಅಂಗಿ ಹಾಕಿದ್ದರು.

ಅವರು ಕೆಲಸ ಮಾಡುವುದನ್ನು ನೋಡುವುದು ಚೆಂದ. ಪಟ್ಟಿಯನ್ನು ಬೆಳಕಿಗೆ ಹಿಡಿದು, ಸ್ವಲ್ಪ ಎಳೆದು, ಬಿಟ್ಟು, ಮೂಗಿನ ಹತ್ತಿರ ತಂದು, ಕೊನೆಗೆ ಸೂಕ್ಷ್ಮದರ್ಶಕದ ಕೆಳಗಿಡುತ್ತಿದ್ದರು. ಬರೆಯುವ ಮೊದಲು ಬಾಯಲ್ಲಿ ಹೇಳುತ್ತಿದ್ದರು, ಅಧಿಕಾರಿಗೆ ಕೇಳಿಸಲಿ ಎಂದು. "ಇದು ಎಣ್ಣೆ ಏಟು." "ಇದು ಓಝೋನು, ಎರಡು ದಿನದ್ದು." "ಇದೂ ಓಝೋನೇ, ನಾಲ್ಕು. ನಮ್ಮ ಲ್ಯಾಬಿನೋರಿಗೆ ಈ ಸಲ ಓಝೋನ್ ಮೇಲೆ ಪ್ರೀತಿ ಬಂದಿದೆ."

ಮ್ಯಾನೇಜರು ನಕ್ಕರು.

ಒಂಬತ್ತನೆಯದಕ್ಕೆ ಬಂದರು. ಬೆಳಕಿಗೆ ಹಿಡಿದರು. ನಾನು ಕಂಬಿಯ ಹತ್ತಿರ ನಿಂತು ನೇತಾಡುವ ನೀರನ್ನು ನೋಡುತ್ತಿದ್ದೆ. ಒಂದು ತೊಟ್ಟೂ ಸೋರುತ್ತಿರಲಿಲ್ಲ.

"ಇದು ಸ್ವಲ್ಪ ಹಳೇ ಮಾಲು, ಬಿರುಕು ಮಾತ್ರ ಅದೇ ತರದ್ದು. ಗಂಟು ಹಾಕಿದ್ರು ಅನ್ಸುತ್ತೆ, ಇಲ್ಲಿ ಅಂಚು ಮಡಿಚಿದೆ ನೋಡಿ ಮೇಡಂ. ಹೈ ವೋಲ್ಟೇಜ್ ಹತ್ರ ಎಳೆದು ಕಟ್ಟಿಟ್ಟದ್ದು. ಆರು ದಿನ."

"ಕನಿಷ್ಠ ಅವಧಿಯ ಕಾಲಂ ತುಂಬಿ" ಎಂದರು ಅಧಿಕಾರಿ.

"ಐದು ದಿನಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ. ಬೇಕಾದ್ರೆ ಆಣೆ ಇಟ್ಟು ಹೇಳ್ತೀನಿ."

"ಆಣೆ ಬೇಡ, ಬರೀರಿ ಸಾಕು."

ಬರೆದರು. ಹನ್ನೆರಡನ್ನೂ ಮುಗಿಸಿ ಕೆಳಗೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ ಜೇಬಿಗೆ ಸಿಕ್ಕಿಸಿದರು.

ಅಧಿಕಾರಿ ಲಕೋಟೆ ಒಡೆದು ಒಂದೊಂದಾಗಿ ತಾಳೆ ನೋಡಿದರು. ಎಂಟರವರೆಗೂ ಸರಿ, ಸರಿ ಎನ್ನುತ್ತ ಗುರುತು ಹಾಕಿದರು. ಒಂಬತ್ತನೆಯದರಲ್ಲಿ ಪೆನ್ನು ನಿಂತಿತು. ತಮ್ಮಷ್ಟಕ್ಕೇ ಒಮ್ಮೆ ಓದಿಕೊಂಡರು. ಆಮೇಲೆ ಗಟ್ಟಿಯಾಗಿ ಓದಿದರು.

"ಮೂರನೇ ಪರೀಕ್ಷಾ ಯಂತ್ರದ ಬಾಗಿಲಿನ ಸ್ವಿಚ್ಚಿನಿಂದ ತೆಗೆದದ್ದು. ಬೆಳಿಗ್ಗೆ ಏಳು ಹತ್ತು. ಮೂಲ ಚೀಟಿ ಮತ್ತು ಸಾಕ್ಷಿಯ ಸಹಿ ಲಗತ್ತಿಸಿದೆ." ತಾರೀಕನ್ನೂ ಓದಿದರು. ಕಳೆದ ವರ್ಷದ್ದು. "ಇದು ಯಾವ ದಿನ?"

ಮ್ಯಾನೇಜರು ಭಾವನ ಮುಖ ನೋಡಿದರು. ಆ ತಾರೀಕು ಅವರಿಗೂ ಗೊತ್ತಿತ್ತು.

"ನನ್ನ ಗಂಡ ಸತ್ತ ದಿನ" ಎಂದೆ. ಎರಡು ಕಾಗದ ಮೇಜಿನ ಮೇಲಿಟ್ಟೆ. ಒಂದು ವಿಚಾರಣೆಯ ವರದಿ. ಇನ್ನೊಂದು ಪಾಳಿ ಪುಸ್ತಕದ ಪುಟದ ಪ್ರತಿ, ಅವನ ರಜೆಯ ಅರ್ಜಿಯ ಜೊತೆ. "ಅದೇ ದಿನ ಬೆಳಿಗ್ಗೆ ಅವನೇ ಕಟ್ಟಿದ ಅಂತ ವರದಿ ಹೇಳುತ್ತೆ. ಅವನು ಕೆಲಸಕ್ಕೆ ಬಂದದ್ದು ಆರು ಗಂಟೆಗೆ. ಅದಕ್ಕೆ ಮುಂಚೆ ಎಂಟು ದಿನ ಗೇಟಿನ ಒಳಗೇ ಬಂದಿಲ್ಲ. ಐದು ದಿನಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ ಅಂತ ಸಾಹೇಬರು ಈಗ ತಾನೆ ಬರೆದಿದ್ದಾರೆ. ವರದಿ ಬರೆದವರೂ ಅವರೇ. ಎರಡರಲ್ಲಿ ಯಾವುದು ಸರಿ ಅಂತ ಅವರೇ ಹೇಳ್ಲಿ."

ಭಾವ ಉತ್ತರದ ಹಾಳೆಯ ಕಡೆ ಕೈ ಚಾಚಿದರು. ಅಧಿಕಾರಿ ಅದನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ಏನಮ್ಮ ಇದು" ಎಂದರು ಭಾವ. ಕೋಪವಿರಲಿಲ್ಲ. ಮನೆಯಲ್ಲಿ ಕೇಳುವ ಹಾಗೆ ಕೇಳಿದರು. "ಗಂಟೆಗೆ ಹತ್ತು ಸಲ ನಿಲ್ತಿತ್ತು ಆ ಯಂತ್ರ. ಮಾಲು ಕೊಡ್ಬೇಕಿತ್ತು. ಅವನು ಬಂದ ಮೇಲೆ ಹೇಳಿ ಬಿಚ್ಚಿಸೋಣ ಅಂತಿದ್ದೆ. ಮರೆತುಹೋಯ್ತು. ಒಂದು ಮಾತು ನನ್ನ ಹತ್ರ ಬಂದು ಕೇಳ್ಬಾರ್ದಿತ್ತಾ ನೀನು?"

ಮ್ಯಾನೇಜರು ಬಿಸ್ಕತ್ತಿನ ತಟ್ಟೆಯನ್ನು ದೂರ ಸರಿಸಿದರು. ಆ ಮಾತನ್ನು ಮೂವರು ಕೇಳಿಸಿಕೊಂಡಿದ್ದೆವು.

"ವರದಿ ಬರೆಯುವಾಗ ನೆನಪಿತ್ತಲ್ಲ ಭಾವ" ಎಂದೆ. ಕಾರ್ಖಾನೆಯ ಒಳಗೆ ಅವರನ್ನು ಹಾಗೆ ಕರೆದದ್ದು ಅದೇ ಮೊದಲು.

ಅಧಿಕಾರಿ ಉಳಿದ ಮೂರನ್ನೂ ತಾಳೆ ನೋಡಿ ಮುಗಿಸಿದರು. ಕೆಲಸ ಅರ್ಧಕ್ಕೆ ಬಿಡುವವರಲ್ಲ. ಹನ್ನೆರಡಕ್ಕೆ ಹನ್ನೆರಡೂ ಸರಿ. ಪರೀಕ್ಷೆಯಲ್ಲಿ ಭಾವ ಪಾಸಾದರು. ಪ್ರಯೋಗಾಲಯದ ಪರವಾಗಿ ನಾನೇ ಸಹಿ ಹಾಕಿದೆ.

ಮ್ಯಾನೇಜರ ಕುರ್ಚಿ ಬೇರೆಯವರಿಗೆ ಹೋಯಿತು. ಭಾವನನ್ನು ಕೆಲಸದಿಂದ ತೆಗೆದರು, ಕೇಸು ನಡೆಯುತ್ತಿದೆ. ಓರಗಿತ್ತಿ ಬೀದಿಯಲ್ಲಿ ನಿಂತು, "ಮನೆ ಮುರುಕಿ, ತಿಂದ ಮನೆಗೇ ಎರಡು ಬಗೆದೆ" ಎಂದು ಬೈದು ಹೋದರು. ನೆರೆಯ ಕಿಟಕಿಗಳೆಲ್ಲ ತೆರೆದವು. ಜಗಳದ ನಡುವೆ ಅವರು ಕಾರ್ಖಾನೆಯ ಮಾಲಿನ ಹೆಸರನ್ನು ಬಾಯಿಬಿಟ್ಟು ಹೇಳಿದ್ದರಿಂದ ಕೈಗವಸಿನ ಕಥೆಯೂ ಅಂದೇ ಮುಗಿಯಿತು. ರೇಡಿಯೋ ವಿಚಾರಣೆಗೆ ಬಂದು, ತನ್ನ ಸಹಿ ತನ್ನದೇ ಎಂದಳು. ಮೇನ್ ಆಫ್ ಮಾಡುತ್ತಿದ್ದದ್ದನ್ನೂ ಹೇಳಿದಳು. ಅವಳ ಹೆಸರು ನಾನು ತಂದಿರಲಿಲ್ಲ, ತಾನೇ ತಂದಳು.

ಹೊಸ ವರದಿ ಬಂದದ್ದು ಒಂದು ಶುಕ್ರವಾರ. ಅತ್ತೆಯ ಕೈಗೆ ಕೊಟ್ಟೆ. ಅವರಿಗೆ ಈಗ ಕನ್ನಡಕ ಹಾಕಿದರೆ ಔಷಧಿ ಬಾಟಲಿಯ ಸಣ್ಣ ಅಕ್ಷರವೂ ಕಾಣುತ್ತದೆ. ಕಾಗದವನ್ನು ಬಿಚ್ಚಲಿಲ್ಲ. ದಿಂಬಿನ ಕೆಳಗಿಟ್ಟುಕೊಂಡು, "ಭಾನುವಾರ ಅವನಿಗೆ ಬರೋಕೆ ಹೇಳು" ಎಂದರು.

ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಬಂದರು. ಅವನ ಕುರ್ಚಿಯ ಮೇಲೆ ಅತ್ತೆ ತಮ್ಮ ಕನ್ನಡಕದ ಡಬ್ಬಿ, ಶಾಲು ಎಲ್ಲ ಹರಡಿದ್ದರು. ಭಾವ ಸ್ವಲ್ಪ ಹೊತ್ತು ನಿಂತು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತರು. ಅತ್ತೆ ದಿಂಬಿನ ಕೆಳಗಿಂದ ಕಾಗದ ತೆಗೆದು ಚಾಚಿದರು.

"ಓದು."

"ನಿನಗೆ ಕಾಣುತ್ತಲ್ಲಮ್ಮ."

"ಹೋದ ಸಲ ನೀನೇ ಓದಿದ್ದು. ಈಗ್ಲೂ ನೀನೇ ಓದು."

ಓದಲು ಶುರುಮಾಡಿದರು. ಮೊದಲ ಪುಟ ಸರಾಗವಾಗಿ ಹೋಯಿತು. ಎರಡನೆಯ ಪುಟದ ನಡುವೆ ನಿಂತರು.

"ಯಾಕೆ ನಿಲ್ಲಿಸ್ದೆ?"

"ಅಮ್ಮ."

"ಓದಪ್ಪ."

"ಸುರಕ್ಷತಾ ಸ್ವಿಚ್ಚನ್ನು ಆರು ದಿನ ಮೊದಲೇ ಕಟ್ಟಿದವರು ವಿಭಾಗದ ಮೇಲ್ವಿಚಾರಕರು." ಅಲ್ಲಿ ಅವರ ಹೆಸರಿತ್ತು. ಓದಿದರು. "ಈ ವಿಷಯವನ್ನು ಅವರು ಮೃತರಿಗೆ ತಿಳಿಸಿರಲಿಲ್ಲ. ಅಪಘಾತದಲ್ಲಿ ಮೃತರ ತಪ್ಪೇನೂ ಇಲ್ಲ."

ಅತ್ತೆ ಅಳುತ್ತಾರೆ ಎಂದುಕೊಂಡೆ. ಕಣ್ಣು ಒಣಗಿತ್ತು, ಎರಡೂ ಕಣ್ಣು.

"ಇನ್ನೊಂದ್ಸಲ" ಎಂದರು.

ಭಾವ ನನ್ನ ಕಡೆ ನೋಡಿದರು. ಇದರಿಂದ ಬಿಡಿಸು ಎಂಬ ನೋಟ. ನಾನು ಅವರನ್ನೇ ನೋಡುತ್ತ ನಿಂತೆ. ಅವರು ಮತ್ತೆ ಓದಿದರು. ಈ ಸಲ ಆ ಚೆಂದದ ಧ್ವನಿ ಇರಲಿಲ್ಲ.

"ಸಾಕು ಇವತ್ತಿಗೆ" ಎಂದರು ಅತ್ತೆ. ಕಾಗದ ವಾಪಸ್ ಇಸಿದುಕೊಂಡು ಮಡಿಕೆಯ ಗೆರೆಯ ಮೇಲೇ ಮಡಿಚಿ ದಿಂಬಿನ ಕೆಳಗೆ ಇಟ್ಟರು. "ಮುಂದಿನ ಭಾನುವಾರ ಬಾ. ಹಣ್ಣು ತರ್ಬೇಡ."

ಭಾವ ಚಪ್ಪಲಿ ಮೆಟ್ಟಿಕೊಳ್ಳುವಾಗ ನಾನು ಬಾಗಿಲವರೆಗೆ ಹೋದೆ. ಒಂದು ಚಪ್ಪಲಿಯ ಪಟ್ಟಿ ಕಿತ್ತಿತ್ತು, ಅದನ್ನು ಹಳದಿ ರಬ್ಬರಿನ ಒಂದು ಉಂಗುರ ಬಿಗಿದು ಹಿಡಿದಿತ್ತು. ಎಲ್ಲಿಯದೆಂದು ನೋಡಿದ ಕೂಡಲೇ ತಿಳಿಯಿತು.

"ನಿನಗೆ ಸಾಕಾಯ್ತೇನಮ್ಮ?" ಎಂದರು ತಲೆ ಎತ್ತದೆ.

ನಾನು ಯೋಚಿಸಿ ನೋಡಿದೆ. ಅವರಿಗೆ ನಿಜವನ್ನೇ ಹೇಳಬೇಕೆನಿಸಿತು.

"ಇಲ್ಲ" ಎಂದೆ.

ಅವರು ಇಳಿದು ಹೋದರು. ಒಳಗಿನಿಂದ ಅತ್ತೆ ಕರೆದರು, ಕಣ್ಣಿಗೆ ಔಷಧಿ ಬಿಡುವ ಹೊತ್ತಾಗಿತ್ತು. ತಲೆ ಹಿಂದಕ್ಕೆ ಮಾಡಿ ಮಲಗಿದರು. ಎರಡು ಹನಿ ಬಿಟ್ಟೆ. ಆ ದಿನ ಅವರು "ಒಂದು ಕಣ್ಣಿಗೋಸ್ಕರ" ಎಂಬ ಮಾತು ಎತ್ತಲಿಲ್ಲ.

ಭಾವ ಮುಂದಿನ ಭಾನುವಾರವೂ ಬಂದರು.